ಅಪ್ಪನ ಎಸ್ಟೀಮು, ನನ್ನ ಕಂಪ್ಯೂಟರು

ಕಳೆದ ವರ್ಷ ಧಾರವಾಡದಲ್ಲಿ ದೀಪಾವಳಿ ಮುಗಿಸಿಕೊಂಡು ಪುಣೆಗೆ ವಾಪಸು ಬರುತ್ತಿದ್ದೆವು. ಪೇಠ್ ನಾಕಾ ದಾಟಿದ ಮೇಲೆ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆ. ರಾತ್ರಿ ಎಂಟೂವರೆ. ಟ್ರಾಲಿಗೆ ದೀಪವಿಲ್ಲ, ಹಿಂದುಗಡೆ ಕಬ್ಬಿನ ಗರಿ ರಸ್ತೆಗೆ ತಾಗುತ್ತಿತ್ತು. ಬಲಗಡೆ ಜಾಗ ಸಿಕ್ಕ ತಕ್ಷಣ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗಾಡಿ ಮುಂದೆ ಜಿಗಿಯಿತು, ಟ್ರ್ಯಾಕ್ಟರಿನ ಮುಂದಿನ ಚಕ್ರದ ಹತ್ತಿರ ಬಂದೆವು, ಅಲ್ಲಿಗೆ ಇಂಜಿನ್ ಆಫ್ ಆಯಿತು.

ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಯಾರೋ ಕೀಲಿ ತಿರುಗಿಸಿ ತೆಗೆದ ಹಾಗೆ ನಿಂತಿತು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದಿನಿಂದ ಲಾರಿಯೊಂದು ಹೆಡ್‌ಲೈಟ್ ಮಿನುಗಿಸುತ್ತ, ಹಾರ್ನ್ ಬಾರಿಸುತ್ತ ಬರುತ್ತಿತ್ತು. ಉಳಿದಿದ್ದ ವೇಗದಲ್ಲೇ ಟ್ರ್ಯಾಕ್ಟರಿನ ಮುಂದೆ ಹೇಗೋ ಎಡಕ್ಕೆ ಎಳೆದುಕೊಂಡು ಮಣ್ಣಿನ ಮೇಲೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಒಂಬತ್ತು ವರ್ಷದ ಮಗಳು ಎದ್ದು "ಪುಣೆ ಬಂತಾ?" ಎಂದು ಕೇಳಿದಳು. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಈ ಗಾಡಿಯಾಗ ಮಗಳನ್ನ ಕೂಡಿಸೂದಿಲ್ಲ" ಎಂದಳು. ಅವಳು ಜಗಳದ ದನಿಯಲ್ಲಿ ಹೇಳಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ತಾಗಿತು.

ಗಾಡಿ 2000ನೇ ಇಸವಿಯ ಮಾರುತಿ ಎಸ್ಟೀಮ್. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನಮ್ಮಪ್ಪ ಪಿಎಫ್ ಸಾಲ ತೆಗೆದು ಕೊಂಡದ್ದು. ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದ ಹೊಸತು. 1,298 ಸಿಸಿ, ಹದಿನಾರು ವಾಲ್ವು, 85 ಅಶ್ವಶಕ್ತಿ. ಆ ಅಂಕಿಗಳನ್ನು ಅಪ್ಪ ಬೀಗರ ಮುಂದೆಲ್ಲ ಹೇಳುತ್ತಿದ್ದರು. ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲು, ಬದಲಿಸಿದ ಪ್ರತಿ ಬಲ್ಬು ಅವರ ಎಲ್‌ಐಸಿ ಡೈರಿಗಳಲ್ಲಿ ದಾಖಲಾಗಿದೆ. ಕಣ್ಣು ಮಂಜಾಗತೊಡಗಿದ ಮೇಲೆ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಗಾಡಿಯನ್ನು ಪುಣೆಗೆ ತಂದು, ಎನ್‌ಓಸಿ ತೆಗೆಸಿ, ಕೆಎ-25 ಇದ್ದದ್ದನ್ನು ಎಮ್‌ಎಚ್-14 ಮಾಡಿದೆ. ಪರಊರಿನ ಪ್ಲೇಟು ಇಟ್ಟುಕೊಂಡು ಓಡಾಡಿದವರಿಗೆ ಸಿಗ್ನಲ್ಲಿನಲ್ಲಿ ಪೊಲೀಸರು ಕೈ ತೋರಿಸುವ ಕಷ್ಟ ಗೊತ್ತು. ಆದರೂ ಅಪ್ಪ ಹೊಸ ನಂಬರಿನ ಫೋಟೋ ನೋಡಿ, "ಆತು ಬಿಡು, ಗಾಡಿನೂ ಮರಾಠಿ ಕಲೀತು" ಎಂದಿದ್ದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಪಿಂಪ್ರಿ ಕಡೆ ಟೂಲಿಂಗ್ ಕೆಲಸದವನು. ಸುತ್ತಲೂ ಗಾಡಿ ಹುಚ್ಚಿನವರೇ. ಮೊದಲು ಬೇರೆ ಕ್ಯಾಮ್‌ಶಾಫ್ಟ್, ಆಮೇಲೆ ದೊಡ್ಡ ಥ್ರಾಟಲ್ ಬಾಡಿ. ಇಂಜಿನ್ನಿನ ಉಸಿರಾಟದ ರೀತಿಯೇ ಬದಲಾದ ಮೇಲೆ ಕಂಪನಿ ಕೊಟ್ಟ ಕಂಪ್ಯೂಟರಿಗೆ ಅದು ಹಿಡಿಯಲಿಲ್ಲ. ಹಾಗಾಗಿ ಕೊನೆಗೆ ಹೊರಗಿನಿಂದ ತಂದ ಕಂಪ್ಯೂಟರು, 42,000 ರೂಪಾಯಿ. ಕಾನೂನಿನ ಕಣ್ಣಲ್ಲಿ ಇದೆಲ್ಲ ಸರಿಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಯಾರಕರು ಕೊಟ್ಟ ರೂಪಕ್ಕಿಂತ ಗಾಡಿಯನ್ನು ಬೇರೆ ಮಾಡಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗೊತ್ತಿದ್ದೇ ಮಾಡಿದ ಕೆಲಸ, ಸಮರ್ಥನೆ ಇಲ್ಲ.

ತೆಗೆದ ಹಳೆ ಪೆಟ್ಟಿಗೆಯನ್ನು ಅದರ ವೈರಿಂಗ್ ಸಮೇತ ಭೋಸರಿಯ ಹಳೆ ಸಾಮಾನಿನ ಅಂಗಡಿಗೆ 2,200 ರೂಪಾಯಿಗೆ ಕೊಟ್ಟೆ. ಅಪ್ಪ ಫೋನಿನಲ್ಲಿ ಕೇಳಿದ್ದರು: "ಹಳೇ ಡಬ್ಬಿ ಇಟ್ಟೀಯಲ್ಲ?" ನಾನು, "ಹ್ಞೂಂ, ಇಟ್ಟೀನ್ರಿ" ಎಂದಿದ್ದೆ.

ಬಾನೆಟ್ ತೆಗೆದು ನೋಡದ ಓದುಗರಿಗೆ ಎರಡು ಮಾತು. ಇಂಜಿನ್ನಿನ ಮುಂದೆ, ಕ್ರ್ಯಾಂಕಿನ ತುದಿಗೆ, ಹಲ್ಲಿನ ಚಕ್ರವೊಂದಿದೆ. ಮೂವತ್ತಾರು ಹಲ್ಲಿನ ಜಾಗ, ಅದರಲ್ಲಿ ಒಂದನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಪಕ್ಕದ ಸೆನ್ಸರು ಹಲ್ಲುಗಳನ್ನು ಎಣಿಸುತ್ತದೆ, ಖಾಲಿ ಜಾಗ ಬಂದಾಗ ಪಿಸ್ಟನ್ನು ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಇನ್ನೊಂದು ಸೆನ್ಸರು ಒಳಗಿನ ಗಾಳಿಯ ಒತ್ತಡ ಹೇಳುತ್ತದೆ, ಮತ್ತೊಂದು ಕಾಲು ಎಷ್ಟು ಒತ್ತಿದೆ ಎಂದು. ಇವನ್ನೆಲ್ಲ ನೋಡಿ, ಹದಿನಾರು ಸಾಲು ಹದಿನಾರು ಕಂಬದ ಒಂದು ಕೋಷ್ಟಕದಲ್ಲಿ ಬೆರಳಿಟ್ಟು, ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡು ತೆರೆಯಬೇಕು, ಕಿಡಿಯನ್ನು ಯಾವಾಗ ಬಿಡಬೇಕು ಎಂದು ಪೆಟ್ಟಿಗೆ ತೀರ್ಮಾನಿಸುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಇಂಥ ತೀರ್ಮಾನ ಸೆಕೆಂಡಿಗೆ ನೂರು ಸಲ. ಆ ಕೋಷ್ಟಕಕ್ಕೆ ನಾವು ಮ್ಯಾಪ್ ಅನ್ನುತ್ತೇವೆ. ನನ್ನ ಗಾಡಿಯದನ್ನು ಕೊಯಮತ್ತೂರಿನ ಹುಡುಗನೊಬ್ಬ ಮೂರು ದಿನ ಕೂತು ಬರೆದುಕೊಟ್ಟಿದ್ದ. ಸೆನ್ಸರುಗಳು ನಡೆಯುವುದು 5 ವೋಲ್ಟಿನ ಮೇಲೆ. ಗಾಡಿಯ ಬ್ಯಾಟರಿ 12 ವೋಲ್ಟು. 12ನ್ನು 5ಕ್ಕೆ ಇಳಿಸಿ ಕೊಡುವ ಕೆಲಸವೂ ಪೆಟ್ಟಿಗೆಯದೇ. ಈ 5 ವೋಲ್ಟಿನ ತಂತಿಯನ್ನು ನೆನಪಿಟ್ಟುಕೊಳ್ಳಿ.

ಪೇಠ್ ನಾಕಾದ ಕತ್ತಲಲ್ಲಿ ಟಾರ್ಚ್ ಹಿಡಿದು ನಾನು ನೋಡಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಕೀಲಿ ತಿರುಗಿಸಿದರೆ ಪೆಟ್ರೋಲ್ ಪಂಪು ಎರಡು ಸೆಕೆಂಡು ಜುಂಯ್ ಅನ್ನಬೇಕು. ಅನ್ನಲಿಲ್ಲ. ಹಾರ್ನಿನ ರಿಲೇ ಕಿತ್ತು ಪಂಪಿಗೆ ಹಾಕಿದೆ, ಆದರೂ ಇಲ್ಲ. ಫ್ಯೂಸುಗಳು ಸರಿ. ಸ್ಟಾರ್ಟರ್ ತಿರುಗುತ್ತಿತ್ತು, ಟ್ಯಾಕೋಮೀಟರಿನ ಮುಳ್ಳು ಮಾತ್ರ ಸೊನ್ನೆಯಲ್ಲೇ. ಅಂದರೆ ಇಂಜಿನ್ ಸುತ್ತುತ್ತಿದೆ ಎಂದು ಪೆಟ್ಟಿಗೆಗೆ ತಿಳಿದೇ ಇಲ್ಲ. ಹೆಂಡತಿ ಮಗಳನ್ನು ಕೊಲ್ಹಾಪುರದಿಂದ ಬಂದ ಬಸ್ಸಿಗೆ ಹತ್ತಿಸಿ, ನಾನು ಟೋಯಿಂಗ್ ಗಾಡಿಯ ಡ್ರೈವರ್ ಪಕ್ಕ ಕೂತು ಬೆಳಗಿನ ಜಾವ ಚಿಂಚವಡ ಮುಟ್ಟಿದೆ.

ಗ್ಯಾರೇಜಿನ ಮಾಮಾ ಐದು ನಿಮಿಷ ನೋಡಿ, "ಕಾಂಪ್ಯೂಟರ್ ಗೇಲಾ, ಸಾಹೇಬ್" ಎಂದರು. ಬರೀ ಮಾತಿನ ಮೇಲೆ ಒಪ್ಪುವವನಲ್ಲ ನಾನು. ಮಲ್ಟಿಮೀಟರ್ ತೆಗೆದೆ. ಪೆಟ್ಟಿಗೆಯ ಕನೆಕ್ಟರಿನಲ್ಲಿ 12.4 ವೋಲ್ಟು ಬರುತ್ತಿದೆ. ಅರ್ತಿಂಗ್ ಗಟ್ಟಿಯಾಗಿದೆ. ಸೆನ್ಸರುಗಳಿಗೆ ಹೋಗುವ ತಂತಿಯಲ್ಲಿ 5 ಇರಬೇಕಾದಲ್ಲಿ 0.3. ಕೆಟ್ಟ ಸೆನ್ಸರೊಂದು ಆ ಐದನ್ನು ಕೆಳಗೆ ಎಳೆಯುತ್ತಿರಬಹುದು ಎಂದು ಒಂದೊಂದಾಗಿ ಎಲ್ಲ ಸೆನ್ಸರು ಕಿತ್ತೆ. ಎಲ್ಲ ಕಿತ್ತ ಮೇಲೂ 0.3. ಲ್ಯಾಪ್‌ಟಾಪಿಗೆ ಪೆಟ್ಟಿಗೆ ಕಾಣಿಸಲೇ ಇಲ್ಲ. ಹೋದದ್ದು ಪೆಟ್ಟಿಗೆಯೇ, ಸಂಶಯವಿಲ್ಲ. ಜೊತೆಗೆ ಗಾಳಿಯ ಒತ್ತಡದ ಸೆನ್ಸರೂ ಸತ್ತಿತ್ತು.

ಈ ಸೆನ್ಸರಿನ ಹತ್ತಿರ ನಾನು ನಿಂತು ಯೋಚಿಸಬೇಕಿತ್ತು. ಪೆಟ್ಟಿಗೆ ಇರುವುದು ಒಳಗೆ, ಡ್ಯಾಶ್‌ಬೋರ್ಡಿನ ಕೆಳಗೆ. ಸೆನ್ಸರು ಹೊರಗೆ, ಇಂಜಿನ್ನಿನ ಪಕ್ಕ. ಇವೆರಡನ್ನು ಕೂಡಿಸುವುದು ಆ 5 ವೋಲ್ಟಿನ ತಂತಿ. ಎರಡೂ ಒಂದೇ ಕ್ಷಣದಲ್ಲಿ ಸತ್ತಿವೆ ಅಂದರೆ ಆ ತಂತಿಗೆ 12 ವೋಲ್ಟು ನುಗ್ಗಿದೆ. ಅಷ್ಟು ನನಗೂ ಹೊಳೆಯಿತು. ಆದರೆ ಯಾವ ಕಡೆಯಿಂದ ನುಗ್ಗಿತು? ಪೆಟ್ಟಿಗೆಯೊಳಗಿನ ರೆಗ್ಯುಲೇಟರ್ ಕೆಟ್ಟು, 12ನ್ನು ಹಾಗೇ ಹೊರಗೆ ಬಿಟ್ಟು, ಸೆನ್ಸರನ್ನು ಸುಟ್ಟಿರಬಹುದು. ಇಲ್ಲವೇ ಹೊರಗೆಲ್ಲೋ 12 ತಾಗಿ, ಒಳಗೆ ಬಂದು, ಪೆಟ್ಟಿಗೆಯನ್ನು ಸುಟ್ಟಿರಬಹುದು. ಕೊನೆಗೆ ಕಾಣುವ ಲಕ್ಷಣ ಎರಡರಲ್ಲೂ ಒಂದೇ. ಮೊದಲನೆಯದಾದರೆ ತಪ್ಪು ಪೆಟ್ಟಿಗೆಯದು, ಎರಡನೆಯದಾದರೆ ವೈರಿಂಗ್ ಮಾಡಿದವನದು. ವೈರಿಂಗ್ ಮಾಡಿದವನು ನಾನು. ಯಾವುದನ್ನು ಆರಿಸಿಕೊಂಡೆ ಎಂದು ನೀವೇ ಊಹಿಸಿ.

ಕೊಯಮತ್ತೂರಿನ ಹುಡುಗ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ: ಹೊಸದು ಹಾಕುವ ಮೊದಲು ಐದು ವೋಲ್ಟಿನ ಲೈನು ಪೂರ್ತಿ ನೋಡಿದೆಯಾ? ನೋಡಿದೆ ಎಂದೆ. ಸುಳ್ಳಲ್ಲ, ಗಾಡಿ ನಿಂತಲ್ಲೇ ನಿಂತಿದ್ದಾಗ ನೋಡಿದ್ದೆ. ಎಲ್ಲವೂ ಸರಿಯಿತ್ತು.

ಹೊಸ ಪೆಟ್ಟಿಗೆಗೆ 46,000, ಸೆನ್ಸರಿಗೆ 2,400. ಬೆಲೆಯನ್ನು ಮನೆಯಲ್ಲಿ ಹೇಳುವಾಗ ಒಂದು ಸೊನ್ನೆ ಕಡಿಮೆ ಮಾಡಿದೆ. ಹಳೆಯ ಮ್ಯಾಪ್ ಲ್ಯಾಪ್‌ಟಾಪಿನಲ್ಲಿತ್ತು, ಏರಿಸಿದೆ. ಇಂಜಿನ್ ಮೊದಲ ಹೊಡೆತಕ್ಕೇ ಚಾಲೂ ಆಯಿತು. ಹತ್ತು ದಿನ ಆಫೀಸಿಗೆ ಹೋಗಿ ಬಂದೆ. ನಾಶಿಕ್ ಫಾಟಾದ ಟ್ರಾಫಿಕ್ಕಿನಲ್ಲಿ ಯಾವ ಗಾಡಿಯೂ ಪೂರ್ತಿ ಆಕ್ಸಿಲರೇಟರ್ ನೋಡುವುದಿಲ್ಲವಲ್ಲ.

ಹನ್ನೊಂದನೇ ದಿನ ಶನಿವಾರ. ಅಪ್ಪನ ಕಣ್ಣಿನ ಪೊರೆಯ ಆಪರೇಷನ್ ಪುಣೆಯಲ್ಲೇ ಮಾಡಿಸುವುದೆಂದು ನಿಶ್ಚಯವಾಗಿತ್ತು, ಮುಂದಿನ ಗುರುವಾರಕ್ಕೆ. ಅವರನ್ನು ಕರೆತರಲು ಒಬ್ಬನೇ ಹೊರಟೆ. ಪುಣೆಯಿಂದ ಸಾತಾರಾ ಕಡೆಗೆ ಹೋಗುವವರಿಗೆ ಆಗ ಖಂಬಾಟ್ಕಿ ಘಾಟ್ ಏರುವುದು ತಪ್ಪುತ್ತಿರಲಿಲ್ಲ. ಬರುವಾಗ ಸುರಂಗವಿತ್ತು, ಹೋಗುವಾಗ ತಿರುವುಗಳು. ಮೂರನೇ ತಿರುವೋ ನಾಲ್ಕನೆಯದೋ, ಮುಂದೆ ಕಂಟೇನರ್ ಲಾರಿ. ಎರಡನೇ ಗೇರ್, ಕಾಲು ಪೂರ್ತಿ. ಆಫ್.

ಈ ಸಲ ಟಾರ್ಚು ಬೇಕಾಗಲಿಲ್ಲ, ಹಗಲಿತ್ತು. ಪಂಪಿನ ಜುಂಯ್ ಇಲ್ಲ. ಐದು ವೋಲ್ಟು ಇಲ್ಲ. ಒತ್ತಡದ ಸೆನ್ಸರೂ ಮತ್ತೆ ಹೋಗಿತ್ತು. ಘಾಟಿನ ಗೋಡೆಯ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ.

"ಯಾವಾಗ ಬಂದ್ ಬಿತ್ತು?"

"ಈಗ, ಘಾಟಿನ್ಯಾಗ."

"ಟೈಮ್ ಅಲ್ಲಪಾ. ಯಾವ ಗೇರು? ಏರಿತ್ತೋ ಸಪಾಟಿತ್ತೋ? ಕಿಲೋಮೀಟರ್ ಎಷ್ಟಿತ್ತು? ಹೋದ ಸಲ ಎಷ್ಟಿತ್ತು?"

ನನಗೆ ಸಿಟ್ಟು ಬಂತು. ರಸ್ತೆಯಲ್ಲಿ ನಿಂತವನಿಗೆ ಗಣಿತದ ಪೇಪರು. "ಅದೆಲ್ಲ ಯಾಕ ಬೇಕ್ರಿ ಈಗ" ಎಂದೆ. ಅವರು, "ಬರದಿಡು, ನಾನೇ ಬಸ್ಸಿಗೆ ಬರ್ತೀನಿ" ಎಂದು ಫೋನ್ ಇಟ್ಟರು.

ಭಾನುವಾರ ಬೆಳಿಗ್ಗೆ ರಾತ್ರಿ ಬಸ್ಸಿನಿಂದ ಇಳಿದವರ ಚೀಲದಲ್ಲಿ ಎರಡು ಜೊತೆ ಬಟ್ಟೆ, ಪೇಡೆಯ ಡಬ್ಬಿ, ಮತ್ತು ಹನ್ನೊಂದು ಡೈರಿಗಳು. ಚಹಾ ಕುಡಿದವರೇ ಪಾರ್ಕಿಂಗಿಗೆ ಇಳಿದರು. ಅಪ್ಪನ ಊಹೆಗಳೆಲ್ಲ ತಪ್ಪಾಗಿದ್ದವು ಎನ್ನುವುದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಪೆಟ್ರೋಲಿನಲ್ಲಿ ನೀರು ಎಂದರು, ಅಲ್ಲ. ಪಂಪು ಎಂದರು, ಅಲ್ಲ. ಪಾಯಿಂಟಿನ ಗ್ಯಾಪು ನೋಡು ಎಂದರು, ಈ ಗಾಡಿಗೆ ಪಾಯಿಂಟೇ ಇಲ್ಲ. ನಾನು ಸ್ವಲ್ಪ ಒರಟಾಗಿಯೇ ಉತ್ತರ ಕೊಡುತ್ತಿದ್ದೆ. ಬಲಗಣ್ಣು ಪೂರ್ತಿ ಮಂಜು, ಎಡಗಣ್ಣು ಅರ್ಧ. ಬಾನೆಟ್ಟಿನೊಳಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಸುಮ್ಮನೆ ಇಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡು ನಿಂತು, "ಹೊಡಿ ಒಮ್ಮೆ ಸ್ಟಾರ್ಟರ್" ಎಂದರು.

ಹೊಡೆದೆ. ಚಾಲೂ ಆಗುವುದಿಲ್ಲ, ಆದರೂ ಸ್ಟಾರ್ಟರ್ ಕುಲುಕಿತು.

"ಇನ್ನೊಮ್ಮೆ." ಮತ್ತೆ ಹೊಡೆದೆ.

"ಇಂಜಿನ್ ಯಾಕ ಇಷ್ಟ ಅಳ್ಳಾಡತೈತಿ? ಮೌಂಟಿಂಗ್ ಯಾವಾಗ ಹಾಕ್ಸಿದಿ?"

ನಾನು ಹಾಕಿಸಿರಲಿಲ್ಲ. ಡೈರಿಯಲ್ಲಿ ಇತ್ತು, ಮಗಳು ಹುಡುಕಿ ಓದಿದಳು: 2011, ಇಂಜಿನ್ ಮೌಂಟಿಂಗ್ ಬದಲು, 96,240 ಕಿ.ಮೀ. ಈಗ ಓಡೋಮೀಟರಿನಲ್ಲಿ 1,78,000 ದಾಟಿದೆ. ಇಂಜಿನ್ನಿನ ಶಕ್ತಿ ಹೆಚ್ಚಿಸಲು ದುಡ್ಡು ಸುರಿದವನು, ಅದನ್ನು ಹಿಡಿದು ಕೂರಿಸುವ ರಬ್ಬರಿಗೆ ಒಂದು ರೂಪಾಯಿ ಖರ್ಚು ಮಾಡಿರಲಿಲ್ಲ. ಆದರೂ ಆಗ ನಾನು ಹೇಳಿದ್ದು: "ಅಪ್ಪಾ, ಮೌಂಟಿಂಗಿಗೂ ಕಂಪ್ಯೂಟರಿಗೂ ಏನೂ ಸಂಬಂಧ ಇಲ್ರಿ."

ಅವರು ವಾದ ಮಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಹೋಗಲಿ, ಹಳೇ ಡಬ್ಬಿನೇ ಹಾಕಿಬಿಡು. ಗುರುವಾರ ದವಾಖಾನಿಗೆ ನಮ್ಮ ಗಾಡಿಯಾಗ ಹೋಗೂಣು" ಎಂದರು.

ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಹೆಂಡತಿಗೆ ವಿಷಯ ಗೊತ್ತಿತ್ತು, ಅವಳು ಎದ್ದು ಅಡುಗೆಮನೆಗೆ ಹೋದಳು. ಮಾಳಿಗೆಯಲ್ಲಿದೆ, ಹುಡುಕಬೇಕು, ಇಲಿ ವೈರು ಕಡಿದಿದೆ, ಹೀಗೆ ನಾಲ್ಕಾರು ಉತ್ತರ ತಲೆಯಲ್ಲಿ ಬಂದು ಹೋದವು. ಕೊನೆಗೆ, "ಇಲ್ರಿ ಅಪ್ಪಾ. ಮಾರಿಬಿಟ್ಟೀನಿ. ಮೂರು ವರ್ಷ ಆತು" ಎಂದೆ.

ಅಪ್ಪ ಒಂದು ತುತ್ತು ಊಟ ಮಾಡಿದರು. ನೀರು ಕುಡಿದರು.

"ಎಷ್ಟಕ್ಕ ಕೊಟ್ಟಿ?"

"ಎರಡು ಸಾವಿರದ ಇನ್ನೂರು."

ಕೈ ತೊಳೆದುಕೊಂಡು ಬಂದು ಆ ವರ್ಷದ ಡೈರಿ ತೆಗೆದರು. ಕಣ್ಣಿಗೆ ತೀರ ಹತ್ತಿರ ಹಿಡಿದು, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ, ಇದಕ್ಕಲ್ಲ. ಆಮೇಲೆ ಅದೇ ಡೈರಿಯ ಮುಂದಿನ ಹಾಳೆಯನ್ನು ನನ್ನ ಮುಂದೆ ಸರಿಸಿದರು: "ಈಗ ಆ ಎರಡೂ ಸಲದ್ದು ಬರಿ. ಗೇರು, ಏರು, ಕಾಲು ಎಷ್ಟು ಒತ್ತಿದ್ದಿ, ಎಲ್ಲಾ."

ಬರೆದೆ. ಶಿಕ್ಷೆ ಎಂದುಕೊಂಡೇ ಬರೆದೆ. ಒಂದು ಸಲ ರಾತ್ರಿ, ಒಂದು ಸಲ ಹಗಲು. ಒಂದು ಸಲ ಸಪಾಟು, ಒಂದು ಸಲ ಏರು. ಒಂದು ಸಲ ನಾಲ್ಕು ಗಂಟೆ ಓಡಿದ ಗಾಡಿ, ಇನ್ನೊಂದು ಸಲ ಒಂದೂವರೆ ಗಂಟೆ. ಯಾವುದೂ ಹೊಂದುವುದಿಲ್ಲ, ಎರಡು ಸಾಲು ಬಿಟ್ಟು. ಎರಡೂ ಸಲ ಎರಡನೇ ಗೇರು. ಎರಡೂ ಸಲ ಕಾಲು ಪೂರ್ತಿ.

ಅಡ್ಡ ಕೂರಿಸಿದ ಇಂಜಿನ್ನು ಕೆಳಗಿನ ಗೇರಿನಲ್ಲಿ ಪೂರ್ತಿ ಎಳೆಯುವಾಗ, ಚಕ್ರವನ್ನು ಮುಂದೆ ತಿರುಗಿಸುವ ಬಲಕ್ಕೆ ತಾನು ಹಿಂದಕ್ಕೆ ಮಗುಚಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದೇ ಮೌಂಟಿಂಗಿನ ಕೆಲಸ. ರಬ್ಬರು ಸತ್ತಿದ್ದರೆ ಇಂಜಿನ್ನಿನ ಮೇಲ್ಭಾಗ ಹಿಂದೆ ವಾಲಿ ಫೈರ್‌ವಾಲಿನ ಕಡೆ ಬರುತ್ತದೆ. ಮತ್ತು ನಾನು ಹಾಕಿದ ವೈರಿಂಗಿನ ದಪ್ಪ ಕಂತೆ ಕ್ಯಾಬಿನ್ನಿನೊಳಗೆ ಹೋಗುವುದು ಅಲ್ಲಿಂದಲೇ. ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಗಾಡಿ ನಿಂತಿದ್ದಾಗ ನೂರು ಸಲ ಅಳೆದರೂ ಸಿಗದ ದೋಷ ಅದು, ಯಾಕೆಂದರೆ ನಿಂತ ಗಾಡಿಯಲ್ಲಿ ಅದು ಇರುವುದೇ ಇಲ್ಲ.

ಸೋಮವಾರ ರಜೆ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪರೀಕ್ಷೆ ಮಾಡಿದೆವು. ಪೆಟ್ಟಿಗೆಯ ಕನೆಕ್ಟರು ಕಿತ್ತು ಬೇರೆ ಮಾಡಿದೆ. ಮಲ್ಟಿಮೀಟರನ್ನು ಬೀಪ್ ಆಗುವ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಇಂಜೆಕ್ಟರಿಗೆ ಹೋಗುವ 12 ವೋಲ್ಟಿನ ತಂತಿಗೆ, ಇನ್ನೊಂದನ್ನು ಸೆನ್ಸರಿನ 5 ವೋಲ್ಟಿನ ತಂತಿಗೆ ಹಿಡಿದೆ. ಪೆಟ್ಟಿಗೆ ಇಲ್ಲದಾಗ ಇವೆರಡರ ನಡುವೆ ಯಾವ ದಾರಿಯೂ ಇರಕೂಡದು. ಮೀಟರು ಸುಮ್ಮನಿತ್ತು. ಗ್ಯಾರೇಜಿನ ಮಾಮಾ ಕೊಟ್ಟ ಹಾರೆಯನ್ನು, ತುದಿಗೆ ಹಳೆ ಟವೆಲು ಸುತ್ತಿ, ಇಂಜಿನ್ನಿನ ಕೆಳಗೆ ಕೊಟ್ಟು ಅಪ್ಪನಿಗೆ ಹಿಡಿಸಿದೆ. ಎಪ್ಪತ್ನಾಲ್ಕು ವರ್ಷದವರು, ಸ್ವೆಟರಿನ ಮೇಲೆ ಮಫ್ಲರು. ಸೊಸೈಟಿಯ ಸೆಕ್ರೆಟರಿ ಹಾಲಿನ ಪ್ಯಾಕೆಟ್ ಹಿಡಿದು ನಿಂತು ನೋಡುತ್ತಿದ್ದರು.

"ಮೀಟ್ರಿ" ಎಂದೆ.

ಅಪ್ಪ ಮೀಟಿದರು. ಇಂಜಿನ್ನು ಎರಡು ಬೆರಳಷ್ಟು ಹಿಂದೆ ಹೋಯಿತು. ಮೀಟರು ಬೀಪ್ ಅಂದಿತು. ಬಿಟ್ಟರು, ಸುಮ್ಮನಾಯಿತು. ಮೀಟಿದರು, ಬೀಪ್. ಬಿಟ್ಟರು, ಸುಮ್ಮನೆ. ಅವರಿಗೆ ಇದು ಎಷ್ಟು ಹಿಡಿಸಿತೆಂದರೆ ಸಾಕು ಅಂದ ಮೇಲೂ ನಾಲ್ಕು ಸಲ ಮಾಡಿದರು.

ಕಂತೆಯ ಟೇಪು ಬಿಚ್ಚಿದೆ. ಇಂಜೆಕ್ಟರಿಗೆ ಹೋಗುವ 12 ವೋಲ್ಟಿನ ತಂತಿ ನಾಲ್ಕಾಗಿ ಕವಲೊಡೆಯುವಲ್ಲಿ ಒಂದು ಸೋಲ್ಡರ್ ಗಂಟು. ಸೆನ್ಸರಿನ 5 ವೋಲ್ಟಿನ ತಂತಿ ಎರಡಾಗುವಲ್ಲಿ ಇನ್ನೊಂದು ಗಂಟು. ಎರಡೂ ಅಕ್ಕಪಕ್ಕ, ಒಂದೇ ಜಾಗದಲ್ಲಿ. ಹೀಗೆ ಕೂರಿಸಬಾರದು, ಒಂದನ್ನು ಹಿಂದೆ ಒಂದನ್ನು ಮುಂದೆ ಮಾಡಬೇಕು ಎನ್ನುವುದು ವೈರಿಂಗಿನ ಮೊದಲ ಪಾಠ. ಅದರ ಮೇಲೆ ಹೀಟ್ ಶ್ರಿಂಕ್ ಕೊಳವೆ ಇರಬೇಕಿತ್ತು. ಇರಲಿಲ್ಲ, ಬರೀ ಟೇಪು. ನೋಡಿದ ಕೂಡಲೇ ಆ ರಾತ್ರಿ ನೆನಪಾಯಿತು: ಹನ್ನೊಂದೂವರೆಗೆ ಕೊಳವೆ ಮುಗಿದಿತ್ತು, ನಾಳೆ ತಂದು ಹಾಕಿದರಾಯಿತು ಎಂದು ಟೇಪು ಸುತ್ತಿದ್ದೆ. ಆ ನಾಳೆ ಮೂರು ವರ್ಷವಾದರೂ ಬಂದಿರಲಿಲ್ಲ. 12ರ ಗಂಟಿನಿಂದ ಸೋಲ್ಡರಿನ ಸಣ್ಣ ಮುಳ್ಳೊಂದು ಎದ್ದು, ಟೇಪನ್ನು ತೂತು ಮಾಡಿ, ಪಕ್ಕದ ಗಂಟಿನ ಕಡೆ ಮುಖ ಮಾಡಿತ್ತು. ಇಂಜಿನ್ನು ಹಿಂದೆ ವಾಲಿ ಕಂತೆಯನ್ನು ಅಮುಕಿದಾಗ ಮುಳ್ಳು ತಾಗುತ್ತಿತ್ತು. ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು. ಆ 12 ವೋಲ್ಟಿನ ದಾರಿಯಲ್ಲಿದ್ದ 15 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕವೇ ಅಲ್ಲ. ಐದು ವೋಲ್ಟಿಗೆ ಮಾಡಿದ ಚಿಪ್ಪಿಗೆ ಮಾತ್ರ ಅಷ್ಟು ಸಾಕು.

ಅಪ್ಪ ಆ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಷ್ಟಕ್ಕ ಎಂಬತ್ತೆಂಟು ಸಾವಿರ?" ಎಂದರು. ಎರಡು ಪೆಟ್ಟಿಗೆಯ ನಿಜವಾದ ಬೆಲೆ ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಈವರೆಗೂ ಕೇಳಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿಗೂ ಆ ಅಂಕಿ ಕೇಳಿಸಿತು. ಆ ಸಂಜೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಬುಧವಾರ ಎರಡೂ ಪೆಟ್ಟಿಗೆ ಹಿಡಿದುಕೊಂಡು ತಪಕೀರ್ ಗಲ್ಲಿಗೆ ಹೋದೆ. ಬುಧವಾರ ಪೇಠೆಯ ಆ ಓಣಿ ಪುಣೆಯವರಿಗೆ ಗೊತ್ತು. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದ ಹಾಗೆ, ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದ ಹಾಗೆ. ಮಹಡಿಯ ಮೇಲೆ ಮೊಬೈಲು, ಇನ್ವರ್ಟರ್ ಬೋರ್ಡುಗಳನ್ನು ರಿಪೇರಿ ಮಾಡುವ ಹುಡುಗನೊಬ್ಬ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಮೊದಲನೆಯ ಪೆಟ್ಟಿಗೆಯ ಮುಖ್ಯ ಚಿಪ್ಪೇ ಹೋಗಿತ್ತು. ಎರಡನೆಯದರಲ್ಲಿ ರಕ್ಷಣೆಗೆ ಕೂರಿಸಿದ್ದ ಡಯೋಡೊಂದು ತಾನು ಸುಟ್ಟುಕೊಂಡು ಚಿಪ್ಪನ್ನು ಉಳಿಸಿತ್ತು. ಡಯೋಡು, ರೆಗ್ಯುಲೇಟರ್ ಬದಲಿಸಿ 1,800 ರೂಪಾಯಿ ತೆಗೆದುಕೊಂಡ. ಒಂದು ವಾರ ಬೇಕು ಎಂದ.

ಹಾಗಾಗಿ ಗುರುವಾರ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಅಪ್ಪನಿಗೆ ಅದು ಸ್ವಲ್ಪ ಬೇಜಾರೇ ಆಯಿತು. ಆಪರೇಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದಾಗ ಅವರು ನನ್ನ ಕಡೆ ತಿರುಗಿ, "ಹಾರಿ ಮೀಟಿದ್ದು ಮದಲ ಆಗಿದ್ದು ಚಲೋ ಆತು" ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಆ ವಾರ ನಾನು ಕಂತೆಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. 12ರ ತಂತಿಗಳು ಒಂದು ಕಡೆಯಿಂದ, ಸೆನ್ಸರಿನವು ಇನ್ನೊಂದು ಕಡೆಯಿಂದ. ಗಂಟುಗಳನ್ನು ಗೇಣುದೂರ ಸರಿಸಿ, ಒಂದೊಂದಕ್ಕೂ ಎರಡು ಪದರ ಕೊಳವೆ ಹಾಕಿದೆ. 5 ವೋಲ್ಟಿನ ತಂತಿ ಪೆಟ್ಟಿಗೆಯಿಂದ ಹೊರಗೆ ಬರುವಲ್ಲಿ ಸಣ್ಣದೊಂದು ಫ್ಯೂಸು, ಅದರಾಚೆ ಪೆಟ್ಟಿಗೆಯ ಕಡೆ ಒಂದು ಡಯೋಡು. ಇನ್ನೊಮ್ಮೆ 12 ನುಗ್ಗಿದರೆ ಹೋಗುವುದು ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಮೂರೂ ಮೌಂಟಿಂಗ್ ಹೊಸದು. ಹಳೆಯ ರಬ್ಬರು ಕೈಯಲ್ಲಿ ಹಿಡಿದರೆ ಒಣಗಿದ ಬೆಲ್ಲದ ಹಾಗೆ ಉದುರಿತು.

ಹದಿನೈದು ದಿನ ಬಿಟ್ಟು ಅಪ್ಪನನ್ನು ಧಾರವಾಡಕ್ಕೆ ಬಿಡಲು ಅದೇ ಗಾಡಿಯಲ್ಲಿ ಹೊರಟೆವು, ನಾನು ಮತ್ತು ಅವರು ಇಬ್ಬರೇ. ಮಗಳಿಗೆ ಬರುವ ಆಸೆ ಇತ್ತು, ಅವಳಮ್ಮ ಬಿಡಲಿಲ್ಲ. ಖಂಬಾಟ್ಕಿ ಏರುವಾಗ ನಾನು ಮೂರನೇ ಗೇರಿನಲ್ಲಿ ಮೆಲ್ಲಗೆ ಹೊರಟಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅಪ್ಪ, "ಎರಡಕ್ಕ ಹಾಕು. ಪೂರಾ ಒತ್ತು" ಎಂದರು. ಹಾಕಿದೆ, ಒತ್ತಿದೆ. ಗಾಡಿ ಒಂದೇ ಸಮನೆ ಎಳೆಯಿತು. ತಿರುವು ದಾಟಿದೆವು, ಇನ್ನೊಂದು ದಾಟಿದೆವು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಮೇಲೆ ತಲುಪಿದ ಮೇಲೆ ಕಿಲೋಮೀಟರ್ ಎಷ್ಟೆಂದು ನಾನು ಹೇಳುವ ಮೊದಲೇ ತಾವೇ ಬಗ್ಗಿ ಓದಿ ಬರೆದುಕೊಂಡರು. ಬಗ್ಗಬಾರದು ಎಂದು ನೆನಪಿಸಿದೆ, ಕೇಳಿಸದವರಂತೆ ಇದ್ದರು.

ಹೆಂಡತಿ ಮಗಳನ್ನು ಇನ್ನೂ ಆ ಗಾಡಿಯಲ್ಲಿ ಹೈವೇಗೆ ಕಳಿಸುವುದಿಲ್ಲ. ಊರೊಳಗಾದರೆ ಸರಿ ಎನ್ನುವಲ್ಲಿಗೆ ಒಪ್ಪಂದ ಬಂದು ನಿಂತಿದೆ. ನಾನು ಒತ್ತಾಯ ಮಾಡುವುದಿಲ್ಲ. ಆ ಲಾರಿಯ ಹೆಡ್‌ಲೈಟ್ ಅವಳೂ ನೋಡಿದ್ದಾಳೆ.

ಭೋಸರಿಯ ಆ ಅಂಗಡಿಗೆ ಎರಡು ಸಲ ಹೋಗಿ ಬಂದೆ. ಹಳೆ ಪೆಟ್ಟಿಗೆಯನ್ನು ಅಹಮದ್‌ನಗರ ಕಡೆಯ ಯಾರಿಗೋ ಮಾರಿದ್ದೇನೆ ಎಂದ, ಯಾರಿಗೆ ಎಂದು ನೆನಪಿಲ್ಲವಂತೆ. ನಿಮ್ಮಲ್ಲಿ ಹೈದರಾಬಾದಿನಲ್ಲೋ ಚೆನ್ನೈನಲ್ಲೋ ದಿಲ್ಲಿಯಲ್ಲೋ ಯಾರಿಗಾದರೂ 2000ನೇ ಇಸವಿಯ ಎಸ್ಟೀಮ್ ಎಂಪಿಎಫ್‌ಐ ಗಾಡಿಯ ಮೂಲ ಕಂಪ್ಯೂಟರು, ವೈರಿಂಗ್ ಕಡಿಯದೆ ಇರುವಂಥದ್ದು, ಗುಜರಿಯಲ್ಲಿ ಕಂಡರೆ ಈ ಮೇಲ್‌ಗೆ ಒಂದು ಸಾಲು ಉತ್ತರ ಬರೆಯಿರಿ. ಗಾಡಿಗೆ ಹಾಕುವುದಿಲ್ಲ. ಎರಡು ಸಾವಿರದ ಇನ್ನೂರಕ್ಕಿಂತ ಹೆಚ್ಚೇ ಕೊಡುತ್ತೇನೆ.